ಅಘನಾಶಿನಿ ಶಿರಸಿಯಲ್ಲಿ ‘ರೈಝ್’ ಆಗುವುದೆಂದರೆ?

ಪ್ರಶ್ನೆ: ಮಗಳು ಎಂಟನೇ ತರಗತಿ. ‘ದಿ ಅಘನಾಶಿನಿ ರೈಝಸ್ ಇನ್ ಶಿರಸಿ’ ಎಂಬ ವಾಕ್ಯಕ್ಕೆ ‘ಶಿರಸಿಯಲ್ಲಿ ಅಘನಾಶಿನಿಯ ನೀರು ಏರುತ್ತದೆ’ ಎಂದು ಬರೆದಿದ್ದಳು. ಅಕ್ಕೋರು ತಪ್ಪು ಹಾಕಿದ್ದಾರೆ. ರೈಝ್ ಅಂದರೆ ಏರು ಅಂತಲೇ ಅಲ್ಲವೇ? ರೇಝ್ ಎಂದು ಇನ್ನೊಂದಿದೆಯಲ್ಲ, ಅದು ಯಾವಾಗ?
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕೋರು ಮಾಡಿದ್ದು ಸರಿ. ಆದರೆ ಮಗಳ ತಪ್ಪಿಗೆ ಕಾರಣ ನಾವು ಕಲಿಸುವ ರೀತಿ. ‘ರೈಝ್ ಎಂದರೆ ಏರು’ ಎಂದು ಬಾಯಿಪಾಠ ಮಾಡಿಸಿಬಿಡುತ್ತೇವೆ. ನನ್ನನ್ನು ಕೇಳಿದರೆ ಅದಕ್ಕೆ ಹತ್ತಿರದ ಕನ್ನಡ ಕ್ರಿಯಾಪದ ‘ಏರು’ ಅಲ್ಲ, ‘ಏಳು’.

ಹಾಸಿಗೆಯಿಂದ ಏಳುವುದು, ಅಲೆ ಏಳುವುದು, ಹೊಗೆ ಏಳುವುದು, ಜನ ದಂಗೆ ಏಳುವುದು: ಎಲ್ಲಕ್ಕೂ ಇಂಗ್ಲಿಷಿನಲ್ಲಿ ರೈಝ್ ಸಲ್ಲುತ್ತದೆ. ಮಳೆ ಹಿಡಿದರೆ ತೋಟದಲ್ಲಿ ‘ಜಲ ಎದ್ದಿದೆ’ ಎನ್ನುತ್ತೇವಲ್ಲ, ನದಿಯ ರೈಝ್ ಕೂಡ ಅದೇ ಜಾತಿಯದು. ನೆಲದಿಂದ ಮೇಲೆ ಬರುವುದು, ಅಂದರೆ ಹುಟ್ಟುವುದು. ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ವಾಕ್ಯ ಹೇಳುವುದು ಆ ಹುಟ್ಟನ್ನು. ಸೂರ್ಯನಿಗೂ ನದಿಗೂ ಇಂಗ್ಲಿಷಿನವರು ಒಂದೇ ಪದ ಬಳಸುತ್ತಾರೆ. ನಾವೂ ಹಾಗೇ, ಸೂರ್ಯ ಹುಟ್ಟಿದ, ಹೊಳೆ ಹುಟ್ಟಿತು.

ಹಾಗಾದರೆ ನೆರೆ ಬಂದದ್ದನ್ನು ಹೇಳುವುದು ಹೇಗೆ? ಕಾಲ ಬದಲಿಸಿದರೆ ಸಾಕು. ‘ದಿ ಅಘನಾಶಿನಿ ಈಸ್ ರೈಝಿಂಗ್’ ಎಂದರೆ ನೀರು ಏರುತ್ತಿದೆ, ಕೆಳಗಿನ ಊರಿನವರು ಜಾಗ್ರತೆ.

ಏನೂ ಅಲುಗಾಡದಿದ್ದರೂ ಈ ಪದ ಬರುವುದುಂಟು. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರಕ್ಕೆ ‘ರೈಝಸ್’ ಎನ್ನಬಹುದು. ಬಂಡೆ ‘ಎದ್ದು ನಿಂತಿದೆ’ ಎಂದು ನಾವೂ ಅನ್ನುತ್ತೇವೆ. ಇನ್ನು ‘ದಿ ಹೌಸ್ ರೋಝ್ ಅಟ್ ಸಿಕ್ಸ್’ ಎಂಬುದನ್ನು ಪತ್ರಿಕೆಯಲ್ಲಿ ಓದಿ ತಲೆ ಕೆರೆದುಕೊಂಡವರಿದ್ದಾರೆ. ಸದನ ಆರು ಗಂಟೆಗೆ ರೊಚ್ಚಿಗೆದ್ದಿತೆ? ಇಲ್ಲ, ಅಂದಿನ ಕಲಾಪ ಮುಗಿಯಿತು, ಅಷ್ಟೇ. ಮದುವೆಮನೆಯಲ್ಲಿ ‘ಮೊದಲ ಪಂಕ್ತಿ ಎದ್ದಿತು’ ಎಂದರೆ ಊಟ ಮುಗಿಯಿತೆಂದೇ ಅರ್ಥವಲ್ಲವೇ, ಹಾಗೆ.

ರೇಝ್ ವಿಷಯ ಕನ್ನಡದವರಿಗೆ ಕಷ್ಟವಾಗಬಾರದು. ಏಳು–ಎಬ್ಬಿಸು, ಏರು–ಏರಿಸು ಎಂಬ ಜೋಡಿ ನಮ್ಮ ನಾಲಿಗೆಯಲ್ಲೇ ಇದೆ. ತಾನಾಗಿ ಆದರೆ ರೈಝ್, ಯಾರಾದರೂ ಮಾಡಿದರೆ ರೇಝ್. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಗೇಟು ಎತ್ತುತ್ತಾರೆ, ಅದು ರೇಝ್. ಕೆಳಗೆ ಕಾಳಿಯಲ್ಲಿ ನೀರು ಏರುತ್ತದೆ, ಅದು ರೈಝ್. ಕೈ ಎತ್ತುವುದು, ದನಿ ಎತ್ತುವುದು, ಪ್ರಶ್ನೆ ಎತ್ತುವುದು, ದುಡ್ಡು ಎತ್ತುವುದು ಎಲ್ಲವೂ ರೇಝ್. ಮಕ್ಕಳನ್ನು ಸಾಕಿ ಬೆಳೆಸುವುದೂ ಅದೇ.

ಮಕ್ಕಳು ಎಡವುವುದು ಭೂತಕಾಲದಲ್ಲಿ. ರೈಝ್, ರೋಝ್, ರಿಝನ್ ಎಂದು ಒಂದು ಸಾಲು. ರೇಝ್, ರೇಝ್ಡ್, ರೇಝ್ಡ್ ಎಂದು ಇನ್ನೊಂದು. ‘ಐ ರೈಝ್ಡ್ ಮೈ ಹ್ಯಾಂಡ್’ ಎಂದು ಬರೆದ ಪತ್ರಗಳು ನನಗೇ ಬರುತ್ತವೆ. ‘ರೈಝ್ಡ್’ ಎಂಬ ರೂಪವೇ ಇಲ್ಲ. ‘ಗೇಟ್ಸ್ ವರ್ ರೇಝ್ಡ್’ ಸರಿ, ‘ವಾಟರ್ ವಾಸ್ ರಿಝನ್’ ತಪ್ಪು. ನೀರನ್ನು ಯಾರೂ ಏರಿಸಲಿಲ್ಲವಲ್ಲ. ಉಚ್ಚಾರವನ್ನೂ ಗಮನಿಸಿ. ಕೊನೆಯ ‘ಝ್’ ಸಡಿಲಿಸಿ ‘ರೈಸ್’ ಎಂದರೆ ಅನ್ನ ಬಡಿಸಲು ಬರುತ್ತಾರೆ.

ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಮಾತ್ರ ಇವೆರಡೂ ಒಗ್ಗುವುದಿಲ್ಲ. ಕೈಕಾಲು ಊರಿ, ಹಿಡಿದು ಹತ್ತುವುದಕ್ಕೆ ಬೇರೆಯೇ ಪದ, ‘ಕ್ಲೈಮ್’. ಬರೆಯುವಾಗ ಕೊನೆಗೊಂದು ‘ಬಿ’ ಇದೆ, ಹೇಳುವಾಗ ಇಲ್ಲ. ಮರಕ್ಕೆ ಹಬ್ಬುವ ಕಾಳುಮೆಣಸಿನ ಬಳ್ಳಿಗೂ ಅದೇ ಪದ. ತಮಾಷೆಯೆಂದರೆ ಮರ ಇಳಿಯುವುದೂ ‘ಕ್ಲೈಮ್ ಡೌನ್’. ಪಟ್ಟು ಸಡಿಲಿಸಿ ಹಿಂದೆ ಸರಿದ ರಾಜಕಾರಣಿಯ ಬಗ್ಗೆಯೂ ಹಾಗೇ ಬರೆಯುತ್ತಾರೆ.

ಪ್ರಶ್ನೆ: ಸಂಬಳ ಹೆಚ್ಚಿಸಲು ಕೇಳುವಾಗ ರೈಝ್ ಎನ್ನಬೇಕೋ ರೇಝ್ ಎನ್ನಬೇಕೋ?
– ಓದುಗರೊಬ್ಬರು, ಕಾರವಾರ

ಉತ್ತರ: ಬ್ರಿಟನ್ನಿನಲ್ಲಿ ‘ಪೇ ರೈಝ್’, ಅಮೆರಿಕದಲ್ಲಿ ‘ರೇಝ್’. ಎರಡೂ ಸರಿ, ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ. ನಮ್ಮ ಪತ್ರಿಕೆಗಳಿಗೆ ‘ಹೈಕ್’ ಮೇಲೆ ಮೋಹ. ಕಚೇರಿಗೆ ಬರೆಯುವುದಾದರೆ ‘ಇನ್‌ಕ್ರಿಮೆಂಟ್’ ಎಂದು ಬರೆಯಿರಿ, ಸಾಹೇಬರಿಗೆ ತಕ್ಷಣ ತಿಳಿಯುತ್ತದೆ. ಕೊಡುತ್ತಾರೋ ಇಲ್ಲವೋ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ.