ಜರಿಗಿಡದ ಕಷಾಯ ಕುಡಿಯಬೇಡಿ

ಈ ಸಲ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಡುತ್ತಿದ್ದೇನೆ. ಎರಡು ವರ್ಷದಿಂದ ಆ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ. ಪ್ರತಿ ಸಲ ಎರಡು ಸಾಲಿನಲ್ಲಿ "ಬೇಡ" ಎಂದು ಬರೆದೆ. ಅದು ಸಾಕಾಗಲಿಲ್ಲ. ಆರ್ಸೆನಿಕ್ ಎಂಬ ವಿಷ ಅಂದರೇನು, ಬಂಡೆಯಿಂದ ಬೋರ್‌ವೆಲ್ ನೀರಿಗೆ ಹೇಗೆ ಬರುತ್ತದೆ ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ. ಚಿನ್ನದ ಗಣಿ ಸೀಮೆಯವರಿಗೆ ಅದು ಈಗ ಬಾಯಿಪಾಠ.

ಪ್ರಶ್ನೆ: ಒಂದು ಜಾತಿಯ ಜರಿಗಿಡ ಮಣ್ಣಿನಲ್ಲಿರುವ ಆರ್ಸೆನಿಕ್ ಹೀರುತ್ತದಂತೆ. ಅದರ ಎಲೆಯ ಕಷಾಯ ಕುಡಿದರೆ ಮೈಯೊಳಗಿನ ಆರ್ಸೆನಿಕ್ಕನ್ನೂ ಎಳೆದು ಹೊರಗೆ ಹಾಕುತ್ತದೆ ಎಂದು ಒಬ್ಬರು ಊರಿಗೆ ಬಂದು ಪುಡಿ ಮಾರುತ್ತಿದ್ದಾರೆ. ಅಪ್ಪನ ಅಂಗೈಯಲ್ಲಿ ಗಂಟುಗಳೆದ್ದಿವೆ. ಕೊಡಬಹುದಾ? (ಲಿಂಗಸುಗೂರು ತಾಲ್ಲೂಕು)

ಕೊಡಬೇಡಿ. ಕೊಡಲು ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ಪುಡಿಯನ್ನು ಎಸೆಯಬೇಡಿ, ಡಬ್ಬಿಯ ಸಮೇತ ವೈದ್ಯರಿಗೆ ತೋರಿಸಿ.

ಇನ್ನು ಯಾಕೆ ಬೇಡ ಎಂಬುದು. ಆ ಗಿಡದ ಹೆಸರು ಟೆರಿಸ್ ವಿಟ್ಟಾಟ. ನೀವೂ ನೋಡಿರುತ್ತೀರಿ. ಹಳೇ ಗಾರೆ ಗೋಡೆಯ ಬಿರುಕಿನಲ್ಲಿ, ಬಾವಿಯ ಮೆಟ್ಟಿಲ ಸಂದಿಯಲ್ಲಿ ಬೆಳೆಯುತ್ತದೆ. ಏಣಿಯ ಮೆಟ್ಟಿಲಿನ ಹಾಗೆ ಎರಡೂ ಕಡೆ ಕಿರಿದಾದ ಎಲೆ, ತುದಿಯಲ್ಲೊಂದು ಉದ್ದನೆಯ ಎಲೆ. 2001ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಲೆನಾ ಮಾ ಮತ್ತು ಸಂಗಡಿಗರು ಇದರ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಮರಕ್ಕೆ ಗೆದ್ದಲು ಹತ್ತದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಔಷಧಿ ಹೊಡೆಯುತ್ತಿದ್ದ ಒಂದು ಹಳೇ ಜಾಗದಲ್ಲಿ ಅವರಿಗೆ ಇದು ಸಿಕ್ಕಿತ್ತು. ಮಣ್ಣೆಲ್ಲ ಕೆಟ್ಟಿತ್ತು. ಈ ಗಿಡ ಮಾತ್ರ ಅಲ್ಲಿ ಹಸಿರಾಗಿ ನಿಂತಿತ್ತು. ಅವರ ಪ್ರಯೋಗದಲ್ಲಿ ಇದರ ಒಣ ಎಲೆಯ ತೂಕದಲ್ಲಿ 2.3 ಶೇಕಡಾದವರೆಗೆ ಆರ್ಸೆನಿಕ್ ಸಿಕ್ಕಿತು. ಅಂದರೆ ಒಂದು ಕೆಜಿ ಒಣ ಎಲೆಯಲ್ಲಿ ಸುಮಾರು 23 ಗ್ರಾಂ.

ಪುಡಿ ಮಾರುವವರು ಹೇಳದೆ ಬಿಡುವ ಮಾತು ಇದೇ. ಗಿಡ ಆರ್ಸೆನಿಕ್ಕನ್ನು ಹೀರುತ್ತದೆ ನಿಜ. ಹೀರಿದ್ದು ಎಲ್ಲಿ ಹೋಯಿತು? ಎಲೆಯಲ್ಲೇ ಕೂತಿದೆ. ಆರ್ಸೆನಿಕ್ ಒಂದು ಮೂಲಧಾತು. ಗಿಡ ಅದನ್ನು ಜೀರ್ಣ ಮಾಡಿಕೊಳ್ಳುವುದಿಲ್ಲ, ಬೆಂಕಿ ಅದನ್ನು ಸುಡುವುದಿಲ್ಲ, ಕುದಿಸಿದರೆ ಅದು ಸಾಯುವುದಿಲ್ಲ. ಜಾಗ ಬದಲಿಸುತ್ತದೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ಭಾರತೀಯ ಮಾನಕವೂ ಅದೇ. ದಿನಕ್ಕೆ ಎರಡು ಲೀಟರ್ ಕುಡಿದರೆ 20 ಮೈಕ್ರೋಗ್ರಾಂ ಆಯಿತು. ಈಗ ಕೆಟ್ಟ ಮಣ್ಣಿನಲ್ಲಿ ಬೆಳೆದ ಈ ಗಿಡದ ಪುಡಿ ಒಂದು ಚಮಚ ತೆಗೆದುಕೊಳ್ಳಿ. ಎರಡು ಗ್ರಾಂ ಅಂತಿಟ್ಟುಕೊಳ್ಳೋಣ. ಅದರಲ್ಲಿ ಶೇಕಡಾ ಒಂದರಷ್ಟು ಆರ್ಸೆನಿಕ್ ಇದ್ದರೂ 20,000 ಮೈಕ್ರೋಗ್ರಾಂ. ದಿನದ ಮಿತಿಯ ಸಾವಿರ ಪಟ್ಟು, ಒಂದೇ ಚಮಚದಲ್ಲಿ. ಒಳ್ಳೆಯ ಮಣ್ಣಿನಲ್ಲಿ ಬೆಳೆದ ಗಿಡದಲ್ಲಿ ಇಷ್ಟಿರುವುದಿಲ್ಲ. ಆದರೆ ಪುಡಿ ಯಾವ ಮಣ್ಣಿನ ಗಿಡದ್ದು ಎಂದು ಡಬ್ಬಿಯ ಮೇಲೆ ಬರೆದಿರುತ್ತದಾ?

ಹಾಗಾದರೆ ಗಿಡ ಸಾಯುವುದಿಲ್ಲ, ನಾವು ಯಾಕೆ ಕಾಯಿಲೆ ಬೀಳುತ್ತೇವೆ? ಇದು ಒಳ್ಳೆಯ ಪ್ರಶ್ನೆ. ನನ್ನ ಕೆಲಸವೇ ಇದರ ಸುತ್ತ ಇರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆರ್ಸೆನಿಕ್ಕಿಗೆ ಮುಖ್ಯವಾಗಿ ಎರಡು ವೇಷ. ಒಂದು ಆರ್ಸೆನೇಟ್. ಅದು ನೋಡಲು ಫಾಸ್ಫೇಟಿನ ಹಾಗೇ ಇರುತ್ತದೆ. ಬೇರು ಅದನ್ನು ಗೊಬ್ಬರ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದಮೇಲೆ ಅದು ಆರ್ಸೆನೈಟ್ ಆಗುತ್ತದೆ. ಇದು ಇನ್ನೂ ಕೆಟ್ಟದ್ದು. ಜರಿಗಿಡ ಈ ಆರ್ಸೆನೈಟನ್ನು ಎಲೆಗೆ ಸಾಗಿಸಿ, ಜೀವಕೋಶದೊಳಗಿನ ರಸಕೋಶ ಎಂಬ ಚೀಲಕ್ಕೆ ತುಂಬಿ ಬಾಗಿಲು ಹಾಕುತ್ತದೆ. ಆ ಬಾಗಿಲಿನ ಕೆಲಸ ಮಾಡುವ ಪ್ರೋಟೀನಿಗೆ ಎಸಿಆರ್3 ಎಂದು ಹೆಸರು. 2010ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ಈ ಪ್ರೋಟೀನು ತಯಾರಿಸುವ ಜೀನಿನ ಕೆಲಸವನ್ನು ತಗ್ಗಿಸಿ ನೋಡಿತು. ಗಿಡ ಆರ್ಸೆನಿಕ್ಕಿನ ಮುಂದೆ ಸೋತಿತು. ಹೂ ಬಿಡುವ ಗಿಡಗಳಲ್ಲಿ ಈ ಜೀನ್ ಇಲ್ಲ. ಭತ್ತದಲ್ಲಿಲ್ಲ, ಜೋಳದಲ್ಲಿಲ್ಲ, ತುಳಸಿಯಲ್ಲೂ ಇಲ್ಲ.

ನಮ್ಮಲ್ಲೂ ಇಲ್ಲ. ವಿಷವನ್ನು ಕೂಡಿಟ್ಟು ಬೀಗ ಹಾಕುವ ಅಂಥ ಚೀಲ ನಮ್ಮ ಜೀವಕೋಶದಲ್ಲಿಲ್ಲ. ಆರ್ಸೆನೈಟ್ ಒಳಗೆಲ್ಲ ಓಡಾಡುತ್ತದೆ. ಅದಕ್ಕೆ ಗಂಧಕ ಕಂಡರೆ ಆಸೆ. ನಮ್ಮ ಪ್ರೋಟೀನುಗಳಲ್ಲಿ ಅಕ್ಕಪಕ್ಕ ಎರಡು ಗಂಧಕ ಇರುವ ಜಾಗಗಳಿವೆ. ಆರ್ಸೆನೈಟ್ ಅಲ್ಲಿ ಎರಡೂ ಕೈಗೆ ಬೇಡಿ ಹಾಕಿದ ಹಾಗೆ ಹಿಡಿಯುತ್ತದೆ. ಸಕ್ಕರೆಯಿಂದ ಶಕ್ತಿ ತೆಗೆಯುವ ಪೈರುವೇಟ್ ಡಿಹೈಡ್ರೋಜನೇಸ್ ಎಂಬ ಕಿಣ್ವ ಹೀಗೆ ಕಟ್ಟಿಹೋಗುತ್ತದೆ. ಡಿಎನ್‌ಎ ರಿಪೇರಿ ಮಾಡುವ ಕೆಲವು ಪ್ರೋಟೀನುಗಳಲ್ಲಿ ಸತು ಕೂತಿರುವ ಜಾಗವಿದೆ. ಆರ್ಸೆನೈಟ್ ಸತುವನ್ನು ಎಬ್ಬಿಸಿ ತಾನು ಕೂರುತ್ತದೆ. ರಿಪೇರಿ ನಿಲ್ಲುತ್ತದೆ, ಹಾನಿ ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಹೀಗೆ ನಿಧಾನವಾಗಿ ಬರುತ್ತದೆ.

ನಮ್ಮ ಲಿವರ್ ಸುಮ್ನೆ ಕೂರುವುದಿಲ್ಲ. ಆರ್ಸೆನಿಕ್ಕಿಗೆ ಮೀಥೈಲ್ ಗುಂಪು ಎಂಬ ಸಣ್ಣ ಇಂಗಾಲದ ತುಣುಕುಗಳನ್ನು ಒಂದೊಂದಾಗಿ ಅಂಟಿಸಿ ಮೂತ್ರಕ್ಕೆ ಕಳಿಸುತ್ತದೆ. ಇದನ್ನು ಬಹಳ ಕಾಲ ಬರೀ ಶುದ್ಧೀಕರಣ ಅಂದುಕೊಂಡಿದ್ದೆವು. ಆದರೆ ಒಂದೇ ಮೀಥೈಲ್ ಅಂಟಿದ ನಡುವಿನ ರೂಪವೊಂದು ಆರ್ಸೆನೈಟಿಗಿಂತಲೂ ವಿಷಕಾರಿ. ಎರಡನೆಯದನ್ನು ಬೇಗ ಅಂಟಿಸಬಲ್ಲ ದೇಹ ಬಚಾವಾಗುತ್ತದೆ. ತಡ ಮಾಡುವ ದೇಹ ಜಾಸ್ತಿ ನರಳುತ್ತದೆ. ಒಂದೇ ಬೋರ್ ನೀರು ಕುಡಿದ ಅಣ್ಣನಿಗೆ ಗಂಟು ಬಂದು ತಮ್ಮನಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಅರ್ಜೆಂಟೀನಾದ ಆಂಡೀಸ್ ಬೆಟ್ಟದ ಜನ ಸಾವಿರಾರು ವರ್ಷ ಆರ್ಸೆನಿಕ್ ನೀರು ಕುಡಿದವರು. ಅವರಲ್ಲಿ ಈ ಕೆಲಸವನ್ನು ಚುರುಕಾಗಿ ಮಾಡುವ ಜೀನ್ ರೂಪ ಹೆಚ್ಚಾಗಿ ಕಾಣುತ್ತದೆ. ನಮಗೆ ಅಷ್ಟು ತಲೆಮಾರು ಕಾಯುವ ಪುರುಸೊತ್ತಿಲ್ಲ.

ಜರಿಗಿಡ ಇಷ್ಟೆಲ್ಲ ವಿಷ ಯಾಕೆ ಕೂಡಿಡುತ್ತದೆ? ಫ್ಲೋರಿಡಾದಲ್ಲೇ ನಡೆದ ಪ್ರಯೋಗದಲ್ಲಿ ಆರ್ಸೆನಿಕ್ ತುಂಬಿದ ಎಲೆಯನ್ನು ಮಿಡತೆಗಳು ತಿನ್ನದೆ ಬಿಟ್ಟವು. ತನ್ನನ್ನು ಯಾರೂ ತಿನ್ನದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು ಇದು ಎಂಬುದೇ ಅದರ ಅರ್ಥ. ಅದನ್ನು ಕಷಾಯ ಮಾಡಿ ಮಗುವಿಗೆ, ಮುದುಕರಿಗೆ ಕುಡಿಸುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ನಿಮ್ಮ ಅಪ್ಪನ ವಿಷಯಕ್ಕೆ ಬರೋಣ. ಸುರಪುರ ಕಡೆಯ ಒಂದು ತಾಂಡಾದಲ್ಲಿ ಒಬ್ಬ ಹಿರಿಯರು ನನ್ನ ಬೆರಳನ್ನು ಹಿಡಿದು ತಮ್ಮ ಅಂಗೈ ಮೇಲೆ ಎಳೆದರು. ಚರ್ಮದ ಕೆಳಗೆ ಸಬ್ಬಕ್ಕಿ ಕಾಳು ಹುದುಗಿಸಿಟ್ಟ ಹಾಗೆ ಗಟ್ಟಿ ಗಟ್ಟಿ. ಎದೆಯ ಮೇಲೆ ಮಳೆ ಹನಿ ಬಿದ್ದ ಧೂಳಿನಂತೆ ಚುಕ್ಕೆ. ಅವರು ಹತ್ತು ವರ್ಷ ಕಜ್ಜಿಯ ಮುಲಾಮು ಹಚ್ಚಿದ್ದರು. ನೀರು ಮಾತ್ರ ಅದೇ ಬೋರಿನದು. ನೀರು ಬದಲಿಸುವುದೇ ಮೊದಲ ಔಷಧಿ. ಮೈಯಿಂದ ಆರ್ಸೆನಿಕ್ಕನ್ನು ಎಳೆದು ತೆಗೆಯುತ್ತೇವೆ ಎನ್ನುವವರಿಗೆ ಒಂದು ಮಾತು: ನಿಜವಾದ ಔಷಧಿಯಾದ ಡಿಎಂಎಸ್‌ಎಯನ್ನೇ ಪಶ್ಚಿಮ ಬಂಗಾಳದ ರೋಗಿಗಳ ಮೇಲೆ ಪರೀಕ್ಷಿಸಿದ್ದರು. 1998ರಲ್ಲಿ ಅದರ ಫಲಿತಾಂಶ ಬಂತು. ಔಷಧಿ ತಿಂದವರಿಗೂ ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಹಾಯ ಮಾಡುವುದು ಊಟ. ಬಾಂಗ್ಲಾದೇಶದಲ್ಲಿ ಫೋಲೇಟ್ ಎಂಬ ವಿಟಮಿನ್ನಿನ ಕೊರತೆ ಇದ್ದವರಿಗೆ 12 ವಾರ ಫೋಲಿಕ್ ಆಸಿಡ್ ಕೊಟ್ಟಾಗ ರಕ್ತದ ಆರ್ಸೆನಿಕ್ ಸುಮಾರು ಶೇಕಡಾ 14ರಷ್ಟು ಇಳಿಯಿತು. ಲಿವರಿನ ಮೀಥೈಲ್ ಕೆಲಸಕ್ಕೆ ಫೋಲೇಟ್ ಬೇಕು, ಅದಕ್ಕೆ. ಸೊಪ್ಪು, ಬೇಳೆ, ಕಾಳು ಚೆನ್ನಾಗಿ ಕೊಡಿ. ಚರ್ಮದ ವೈದ್ಯರಿಗೆ ತೋರಿಸಿ. ಗಂಟು ಹುಣ್ಣಾದರೆ, ರಕ್ತ ಬಂದರೆ ಒಂದು ವಾರವೂ ಕಾಯಬೇಡಿ.

ಪ್ರಶ್ನೆ: ಬೋರ್‌ವೆಲ್ ಸುತ್ತ ಈ ಗಿಡ ನೆಟ್ಟರೆ ನೀರು ಸರಿಹೋಗುತ್ತದಾ? (ದೇವದುರ್ಗ)

ಇಲ್ಲ. ಗಿಡದ ಬೇರು ಒಂದೆರಡು ಅಡಿ. ನಿಮ್ಮ ನೀರು ನೂರಾರು ಅಡಿ ಕೆಳಗಿನ ಬಂಡೆಯ ಬಿರುಕಿನಲ್ಲಿದೆ.

ಪ್ರಶ್ನೆ: ಹೊಲದ ಮಣ್ಣಿಗಾದರೂ? (ಅದೇ ಓದುಗರು)

ಮಣ್ಣಿಗೆ ಆಗುತ್ತದೆ, ಆದರೆ ತಾಳ್ಮೆ ಬೇಕು. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಹತ್ತಿರ ಹತ್ತಿರ 8.5 ಲಕ್ಷ ಕೆಜಿ. ಕೆಜಿಗೆ 30 ಮಿಲಿಗ್ರಾಂ ಇಳಿಸಬೇಕಾದರೆ 25 ಕೆಜಿ ಆರ್ಸೆನಿಕ್ ಹೊರಗೆ ಬರಬೇಕು. ವರ್ಷಕ್ಕೆ ಒಂದು ಟನ್ ಒಣ ಎಲೆ ಬಂತು, ಕೆಜಿಗೆ 3 ಗ್ರಾಂ ಹೀರಿತು ಅಂತಿಟ್ಟುಕೊಂಡರೆ ವರ್ಷಕ್ಕೆ 3 ಕೆಜಿ. ಎಲ್ಲ ಸರಿಯಾಗಿ ನಡೆದರೂ ಎಂಟು ಒಂಬತ್ತು ವರ್ಷ. ಅಷ್ಟು ವರ್ಷ ಹೊಲದಲ್ಲಿ ಬೇರೆ ಬೆಳೆ ಇಲ್ಲ, ನೆರಳು ನೀರು ತಪ್ಪಿಸುವಂತಿಲ್ಲ, ಕೊಯ್ದ ಎಲೆಯೆಲ್ಲ ವಿಷದ ಕಸ. ಸರ್ಕಾರವೋ ಗಣಿಯವರೋ ಮಾಡಬೇಕಾದ ಕೆಲಸ ಇದು. ಎರಡೆಕರೆ ರೈತರ ತಲೆಗೆ ಕಟ್ಟಬಾರದು.

ಪ್ರಶ್ನೆ: ಟಿಡಿಎಸ್ ಮೀಟರ್ ಕಡಿಮೆ ತೋರಿಸುತ್ತಿದೆ. ನೀರು ಸುರಕ್ಷಿತ ಅಲ್ವಾ?

ಅಲ್ಲ. ಅದು ಉಪ್ಪು ಅಳೆಯುತ್ತದೆ. ಲ್ಯಾಬಿಗೆ ಕೊಡುವಾಗ "ಆರ್ಸೆನಿಕ್ ನೋಡಿ" ಎಂದು ಬಾಯಿಬಿಟ್ಟು ಕೇಳಿ.

ಪ್ರಶ್ನೆ: ಕುದಿಸಿ ಆರಿಸಿ ಕುಡಿದರೆ?

ನೀರು ಆವಿಯಾಗುತ್ತದೆ, ಆರ್ಸೆನಿಕ್ ಉಳಿಯುತ್ತದೆ.

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಆರ್ಸೆನಿಕ್ ನಾರ್ಮಲ್ ಬಂತು. ನೆಮ್ಮದಿಯಾಗಿ ಇರಬಹುದಾ? (ಯಾದಗಿರಿ)

ರಕ್ತದಿಂದ ಅದು ಗಂಟೆಗಳಲ್ಲಿ ಇಳಿಯುತ್ತದೆ. ಮೂತ್ರ ಕಳೆದ ಕೆಲವು ದಿನಗಳ ಕಥೆ ಹೇಳುತ್ತದೆ, ಉಗುರು ಮತ್ತು ಕೂದಲು ಕಳೆದ ತಿಂಗಳುಗಳದ್ದು. ಇದಕ್ಕೆ ಉಲ್ಟಾ ಗಾಬರಿ ಕರಾವಳಿಯಿಂದ ಬರುತ್ತದೆ. ಸಿಗಡಿ, ಏಡಿ ತಿಂದ ಮರುದಿನ ಮೂತ್ರ ಕೊಟ್ಟರೆ ಆರ್ಸೆನಿಕ್ ಎದ್ದು ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಆರ್ಸೆನೋಬಿಟೈನ್, ಅಪಾಯವಿಲ್ಲದ ರೂಪ. ಮೀನು ಸಿಗಡಿ ನಾಲ್ಕೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನೀರು ಬದಲಿಸಿ ಐದು ವರ್ಷ ಆಯಿತು. ಇನ್ನು ಭಯವಿಲ್ಲ ತಾನೇ?

ಭಯ ಬೇಡ, ಎಚ್ಚರ ಬೇಕು. ಚಿಲಿ ದೇಶದ ಆಂಟೊಫಗಾಸ್ಟಾ ನಗರದ ಜನ 1958ರಿಂದ 1970ರವರೆಗೆ ಲೀಟರಿಗೆ 860 ಮೈಕ್ರೋಗ್ರಾಂ ಇದ್ದ ನೀರು ಕುಡಿದರು. ಆಮೇಲೆ ಶುದ್ಧೀಕರಣ ಘಟಕ ಬಂತು. ಆದರೂ ದಶಕಗಳ ನಂತರವೂ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಅಲ್ಲಿ ಹೆಚ್ಚಾಗಿಯೇ ಇತ್ತು. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ. ಮೂತ್ರದಲ್ಲಿ ರಕ್ತ ಕಂಡರೆ ಮುಚ್ಚಿಡಬೇಡಿ.

ಪ್ರಶ್ನೆ: ಆರ್ಸೆನಿಕ್ಕನ್ನೇ ಕ್ಯಾನ್ಸರಿಗೆ ಔಷಧಿಯಾಗಿ ಕೊಡುತ್ತಾರಂತೆ. ಹಾಗಾದರೆ ಸ್ವಲ್ಪ ಒಳ್ಳೆಯದಲ್ಲವಾ?

ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿ, ಹೃದಯದ ಇಸಿಜಿ ನೋಡುತ್ತಾ ಕೊಡುತ್ತಾರೆ. ನಿಮಗೆ ಆ ಕಾಯಿಲೆ ಇಲ್ಲ.

ಪ್ರಶ್ನೆ: ಅಕ್ಕಿಯಲ್ಲೂ ಆರ್ಸೆನಿಕ್ ಇರುತ್ತದೆ ಎಂದು ಓದಿದೆ. ಅನ್ನ ಬಿಡಬೇಕಾ? (ಗಂಗಾವತಿ)

ಬಿಡಬೇಡಿ, ಬಸಿಯಿರಿ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆರ್ಸೆನಿಕ್ ಸಡಿಲವಾಗುತ್ತದೆ. ಭತ್ತದ ಬೇರು ಸಿಲಿಕಾನ್ ಎಳೆಯುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಅಕ್ಕಿಯನ್ನು ಐದು ನಿಮಿಷ ಜಾಸ್ತಿ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ ನೋಡಿದರು. ಬಿಳಿ ಅಕ್ಕಿಯ ಆರ್ಸೆನಿಕ್ಕಿನಲ್ಲಿ ಶೇಕಡಾ 73ರಷ್ಟು ಹೋಯಿತು. ನಮ್ಮಜ್ಜಿ ಗಂಜಿ ಬಸಿದು ಅನ್ನ ಮಾಡುತ್ತಿದ್ದರು. ಕುಕ್ಕರ್ ಬಂದಮೇಲೆ ಅದು ಬಿಟ್ಟುಹೋಯಿತು. ಆದರೆ ನಿಮ್ಮ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಈ ಉಪಾಯ ನಡೆಯದು. ಅಕ್ಕಿ ಆ ನೀರನ್ನೇ ಕುಡಿಯುತ್ತದೆ.

ಪ್ರಶ್ನೆ: ನಿಮ್ಮ ಹಳೇ ಉತ್ತರ ಓದುವ ಮೊದಲೇ ಬೋರಿನ ಪಕ್ಕ ಈ ಗಿಡ ನೆಟ್ಟಿದ್ದೆವು. ಈಗ ಏನು ಮಾಡಲಿ? (ಮಸ್ಕಿ)

ಹೀಗೇ ನೆಟ್ಟ ಒಂದು ಮನೆಗೆ ಹೋಗಿದ್ದೆ. ಆ ತಾಯಿ ಎಲೆಗಳನ್ನು ಕೊಯ್ದು, ಬಿಸಿಲಿಗೆ ಹರಡಿ, ಸ್ನಾನದ ನೀರಿನ ಒಲೆಯ ಪಕ್ಕ ಕಂತೆ ಕಟ್ಟಿಟ್ಟಿದ್ದರು. ಉರಿಯಲು ಚೆನ್ನಾಗಿದೆ ಎಂದರು. ಪಕ್ಕದಲ್ಲೇ ಎರಡು ಮೇಕೆ ಮರಿ ಕಟ್ಟಿತ್ತು. ಬೆಂಕಿಗೆ ಹಾಕಿದರೆ ಆರ್ಸೆನಿಕ್ ಹೊಗೆಯಲ್ಲಿ ಬಂದು ಉಸಿರಿಗೆ ಸೇರುತ್ತದೆ, ಉಳಿದದ್ದು ಬೂದಿಯಲ್ಲಿರುತ್ತದೆ. ಆ ಬೂದಿಯಲ್ಲೇ ಪಾತ್ರೆ ತಿಕ್ಕುತ್ತಿದ್ದರು.

ಕೈಗೆ ಗ್ಲೌಸ್ ಹಾಕಿಕೊಂಡು ಹಸಿಯಾಗಿರುವಾಗಲೇ ಬೇರು ಸಮೇತ ಕೀಳಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳಿಗೂ ದನಕ್ಕೂ ಸಿಗದ ಕಡೆ ಇಡಿ. ಸುಡಬೇಡಿ, ತಿಪ್ಪೆಗೆ ಹಾಕಬೇಡಿ, ಮೇಕೆಗೆ ಹಾಕಬೇಡಿ. ನೀರಿನ ಪರೀಕ್ಷೆಗೆ ಲ್ಯಾಬಿಗೆ ಹೋಗುವಾಗ ಒಂದು ಎಲೆಯನ್ನು ಬೇರೆ ಚೀಲದಲ್ಲಿ ಒಯ್ದು, ಅದರಲ್ಲಿ ಎಷ್ಟಿದೆ ನೋಡಿಕೊಡಿ ಎಂದು ಕೇಳಿ. ಉಳಿದ ಚೀಲವನ್ನು ಏನು ಮಾಡಬೇಕು ಎಂಬುದು ಆ ಅಂಕಿ ಬಂದಮೇಲೆ ಗೊತ್ತಾಗುತ್ತದೆ. ಬಂದದ್ದನ್ನು ನನಗೆ ಬರೆದು ತಿಳಿಸಿ.