ಅಪಘಾತ ಕಡಿಮೆ ಇರುವ ಬೀದಿಗಳನ್ನೇ ಶಾಲೆಯ ದಾರಿ ಎಂದು ಗುರುತಿಸಿದರೆ ಸಾಕೇ?

ಸಾಲದು. ಪೊಲೀಸ್ ದಾಖಲೆ ಹಿಡಿದು ಬಡ ಬಡಾವಣೆಗೆ ದಾರಿ ಗುರುತಿಸಲು ಹೊರಟಿದ್ದೀರಿ; ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೈಕ್ ತಗುಲಿ ಮಗುವಿನ ಮೊಣಕಾಲು ತರಚಿದರೆ ದಿನಗೂಲಿಯವರು ಠಾಣೆಯ ಮೆಟ್ಟಿಲು ಹತ್ತುವುದು ಅಪರೂಪ. ಒಂದು ದಿನದ ಕೂಲಿ ಹೋಗುತ್ತದಲ್ಲ! ಇನ್ನು ತೀರಾ ಅಪಾಯದ ರಸ್ತೆಯನ್ನು ಮಕ್ಕಳು ದಾಟುವುದೇ ಇಲ್ಲ. ಸುತ್ತಿ ಬಳಸಿ ಹೋಗುತ್ತಾರೆ, ಇಲ್ಲವೇ ಶಾಲೆಗೇ ಚಕ್ಕರ್ ಹೊಡೆಯುತ್ತಾರೆ. ಯಾರೂ ದಾಟದ ಕಡೆ ಯಾರಿಗೂ ಪೆಟ್ಟಾಗುವುದಿಲ್ಲ, ನಕ್ಷೆಯಲ್ಲಿ ಆ ರಸ್ತೆ ಸುರಕ್ಷಿತ ಅಂತಲೇ ಕಾಣುತ್ತದೆ. ಕೊನೆಗೆ ಹಂಪು, ದೀಪ, ಫುಟ್‌ಪಾತ್ ಎಲ್ಲ ದೂರು ಬರೆಯಬಲ್ಲವರ ಬೀದಿಗೇ ಹೋಗುತ್ತವೆ.

ಶಾಲೆಯ ದಾಖಲಾತಿ ಪುಸ್ತಕದ ವಿಳಾಸಗಳಿಂದ ಶುರುಮಾಡಿ. ಹೆಸರು ಬಿಟ್ಟು, ನಕ್ಷೆಯ ಮೇಲೆ ಮನೆಗೊಂದು ಚುಕ್ಕೆ ಇಡಿ. ಚುಕ್ಕೆ ದಟ್ಟವಾಗಿರುವ ಕಡೆಯಿಂದ ಮಕ್ಕಳ ಜೊತೆಗೇ ನಡೆಯಿರಿ: ಬೆಳಿಗ್ಗೆ, ಶಾಲೆ ಬಿಡುವ ಹೊತ್ತು, ಮಳೆ ಬಂದಾಗ ಒಮ್ಮೆ. ಫೋನನ್ನು ನೆಲದಿಂದ 1 ಮೀಟರ್ ಎತ್ತರಕ್ಕೆ ಹಿಡಿದು ಫೋಟೊ ತೆಗೆಯಿರಿ. ನಿಮಗೆ ಕಾಣುವ ರಸ್ತೆ ಅಲ್ಲಿಂದ ನಿಂತ ಕಾರಿನ ಬಾಗಿಲಷ್ಟೇ. ಹುಡುಗಿಯರನ್ನು ಬೇರೆಯಾಗಿ ಕೇಳಿ. ಹುಡುಗರು ಗಮನಿಸದ ಮೂಲೆಗಳನ್ನು ಅವರು ಬೆರಳಿಟ್ಟು ತೋರಿಸುತ್ತಾರೆ.

ದಾಟುವ ಜಾಗಕ್ಕೆ ಲೆಕ್ಕ ಹಾಕಲೇಬೇಕು. ಚಿಕ್ಕ ಮಗುವಿನ ನಡಿಗೆ ಸೆಕೆಂಡಿಗೆ 0.9 ಮೀಟರ್ ಎಂದಿಟ್ಟುಕೊಳ್ಳಿ. 12 ಮೀಟರ್ ಅಗಲದ ರಸ್ತೆಗೆ 13 ಸೆಕೆಂಡು ಮೀರುತ್ತದೆ. ಅಷ್ಟರಲ್ಲಿ ಗಂಟೆಗೆ 50 ಕಿ.ಮೀ. ವೇಗದ ವಾಹನ ಸುಮಾರು 185 ಮೀಟರ್ ಬಂದಿರುತ್ತದೆ. ಅಷ್ಟು ದೂರ ಕಣ್ಣಿಗೆ ಕಾಣದ ತಿರುವಿನಲ್ಲಿ ಜೀಬ್ರಾ ಪಟ್ಟೆ ಬಳಿದರೆ ಬಣ್ಣ ದಂಡ. ರಸ್ತೆಯ ನಡುವೆ ನಿಂತುಕೊಳ್ಳಲು 2 ಮೀಟರ್ ಅಗಲದ ಕಟ್ಟೆ ಹಾಕಿದರೆ ಒಮ್ಮೆಗೆ ದಾಟುವುದು 5 ಮೀಟರ್, ಕಾಣಬೇಕಾದ ದೂರ 80 ಮೀಟರಿಗಿಂತ ಕಡಿಮೆ. ಪಟ್ಟೆಗೆ ಮುಂಚಿನ 6 ಮೀಟರ್ ಜಾಗದಲ್ಲಿ ಗಾಡಿ ನಿಲ್ಲದಂತೆ ಗೂಟ ನೆಡಿಸಿ. ಬರೀ ಬೋರ್ಡಿಗೆ ಯಾರೂ ಸೊಪ್ಪು ಹಾಕುವುದಿಲ್ಲ.

ವೇಗ ಅಳೆಯಲು ಯಂತ್ರ ಬೇಡ. 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ಫೋನಿನ ಸ್ಟಾಪ್‌ವಾಚ್ ಒತ್ತಿ. 6 ಸೆಕೆಂಡಿಗಿಂತ ಬೇಗ ದಾಟಿದ ಗಾಡಿ ಗಂಟೆಗೆ 30 ಕಿ.ಮೀ. ವೇಗ ಮೀರಿದೆ. ಹಂಪು ಕೇಳಲು ಹೋಗುವಾಗ ಈ ಪಟ್ಟಿ ಕೈಯಲ್ಲಿರಲಿ.

ಮಕ್ಕಳನ್ನು ಗುಂಪಾಗಿ ನಡೆಸುವುದಾದರೆ ಆರು ಮಕ್ಕಳಿಗೆ ಒಬ್ಬರು ದೊಡ್ಡವರು, ಆರು ವರ್ಷದೊಳಗಿನವರಾದರೆ ಮೂವರಿಗೆ ಒಬ್ಬರು. ಕೆಲಸ ಬಿಟ್ಟು ಬರುವ ತಾಯಂದಿರನ್ನು ಸ್ವಯಂಸೇವಕರೆಂದು ಕರೆದು ಪುಕ್ಕಟೆ ದುಡಿಸಿಕೊಳ್ಳಬೇಡಿ. ಅವರ ಸಂಬಳವನ್ನು ಯೋಜನೆಯ ಬಜೆಟ್ಟಿನಲ್ಲೇ ಬರೆಯಿರಿ.