ಹಳೆ ಟ್ಯಾಂಕಿನ ಮರಳನ್ನು ಹೊಸದಕ್ಕೆ ಹಾಕಬಹುದಾ?

ಪ್ರಶ್ನೆ: ನಮ್ಮ 2 ಅಡಿಯ ಅಕ್ವೇರಿಯಂ ಬದಲು 4 ಅಡಿಯದು ತಂದಿದ್ದೇವೆ. ಹಳೆ ಮರಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತದೆ, ತೊಳೆಯದೆ ಹಾಗೇ ಸುರಿಯಿರಿ ಅಂತ ಅಂಗಡಿಯವರು ಹೇಳಿದರು. ಮೀನುಗಳಿಗೆ ತೊಂದರೆ ಆಗಲ್ವಾ?
– ಮೈಸೂರಿನ ಓದುಗರು

ಉತ್ತರ: ಮರಳು ಧಾರಾಳವಾಗಿ ಬಳಸಿ, ಆದರೆ ತೊಳೆಯದೆ ಬೇಡ. ಅಂಗಡಿಯವರು ಹೇಳಿದ್ದು ಅರ್ಧ ಸರಿ. ಮೀನಿನ ಗಲೀಜಿನಿಂದ ಬರುವ ವಿಷವನ್ನು ಕಳೆಯುವ ಆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು, ಹಾಗಾಗಿ ಅದು ಮರಳಿನ ಮೇಲ್ಪದರದಲ್ಲೇ ಇರುತ್ತದೆ. ಕೆಳಗೆ ತುಂಬಿರುವುದು ಮೀನಿನ ಗಲೀಜು, ತಿನ್ನದೆ ಉಳಿದ ಫುಡ್, ಕೊಳೆತ ಎಲೆ. ಮರಳಲ್ಲಿ ಕಪ್ಪು ತೇಪೆ ಕಂಡು, ಕೆದಕಿದರೆ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಮೀನಿಗೆ ವಿಷ. ಜೊತೆಗೆ ಕೊಳೆಯಿಂದ ಅಮೋನಿಯಾ ಬೇರೆ ಏರುತ್ತದೆ.

ಹಾಗಾಗಿ ಮರಳಿಗೆ ಕೈ ಹಾಕುವ ಮುಂಚೆಯೇ ಮೀನುಗಳನ್ನು ತೆಗೆದು ಹಳೆ ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿಗೆ ಬಿಡಿ. ಏರ್ ಪಂಪ್, ಫಿಲ್ಟರ್ ಎರಡೂ ಅದರಲ್ಲೇ ಓಡುತ್ತಿರಲಿ. ನಿಮ್ಮ ನಿಜವಾದ ಆಸ್ತಿ ಮರಳಲ್ಲ, ಆ ಫಿಲ್ಟರಿನ ಸ್ಪಂಜು. ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಅದರಲ್ಲೇ. ಅದನ್ನು ಒಣಗಲು ಬಿಡಬೇಡಿ, ನಲ್ಲಿಯ ಕೆಳಗೆ ಹಿಂಡಲೂಬೇಡಿ. ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಹೊಸ ಟ್ಯಾಂಕಿನಲ್ಲಿ ಹೊಸ ಫಿಲ್ಟರ್ ಜೊತೆ ಹಳೆಯದನ್ನೂ ಒಂದೂವರೆ ತಿಂಗಳು ಓಡಿಸಿ.

ಇನ್ನು ಮರಳನ್ನು ನಲ್ಲಿ ನೀರಲ್ಲೇ ತೊಳೆಯಿರಿ, ಪರವಾಗಿಲ್ಲ. ಸ್ವಲ್ಪ ಸ್ವಲ್ಪವೇ ಬಕೆಟ್ಟಿಗೆ ಹಾಕಿ ಅಕ್ಕಿ ತೊಳೆದ ಹಾಗೆ ಕೈಯಾಡಿಸಿ, ಮೇಲಿನ ಕೆಂಚು ನೀರು ಬಗ್ಗಿಸುತ್ತಾ ಹೋಗಿ. ನೀರು ತಿಳಿಯಾಗುವವರೆಗೆ ಬಿಡಬೇಡಿ, ಕೈ ನೋಯುತ್ತದೆ, ಆದರೂ! ಮರಳಿನ ಬ್ಯಾಕ್ಟೀರಿಯಾವನ್ನು ಸುಮ್ನೆ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಮೇಲ್ಪದರದ ಒಂದು ಲೋಟ ಮರಳನ್ನು ಮಾತ್ರ ತೊಳೆಯದೆ ಬಲೆ ಬಟ್ಟೆಯಲ್ಲಿ ಕಟ್ಟಿ, ಕೆಲವು ವಾರ ಹೊಸ ಟ್ಯಾಂಕಿನಲ್ಲಿಡಿ.

ಹಳೆಯದು ಸಾಲುವುದಿಲ್ಲ ಅನ್ನುವುದೂ ಗೊತ್ತಿರಲಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ತಳಕ್ಕೆ 4 ಸೆಂ.ಮೀ. ದಪ್ಪ ಹಾಸಲು ಹೆಚ್ಚುಕಡಿಮೆ 35 ಕೆಜಿ ಬೇಕು. ಬಾಕಿಗೆ ಅಂತ ಕಟ್ಟಡದ ಎಂ-ಸ್ಯಾಂಡ್ ತರಬೇಡಿ. ಅದು ಒಡೆದ ಕಲ್ಲು, ಅಂಚು ಚೂಪು. ತಳ ಕೆದಕುವ ಕೋರಿಡೋರಾಸ್‌ನಂಥ ಮೀನುಗಳ ಮೀಸೆ ಸವೆಯಬಹುದು. ನುಣ್ಣನೆ ಸಿಲಿಕಾ ಮರಳೇ ವಾಸಿ.

ಮೊದಲ ಎರಡು ವಾರ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಆಗುವ ಇನ್ನೊಂದು ವಿಷ ನೈಟ್ರೈಟ್ ನೋಡುತ್ತಿರಿ. ಎರಡೂ ಸೊನ್ನೆ ಇರಬೇಕು. ಏರಿದರೆ ಫುಡ್ ಕಮ್ಮಿ ಮಾಡಿ, ಕಾಲು ಭಾಗ ನೀರು ಬದಲಿಸಿ. ಹೊಸ ನೀರಿಗೆ ಆ್ಯಂಟಿ-ಕ್ಲೋರಿನ್ ಹಾಕುವುದನ್ನು ಮರೆಯಬೇಡಿ.